ವಿದೇಶದಲ್ಲಿ ಒಂದು ವರ್ಷದ ಸ್ವಯಂಸೇವೆ: ಕುಂದಾಪುರದಿಂದ ಜರ್ಮನಿಗೆ ಹೋಗುವುದು ಹೇಗೆ, ಹೋಗಬೇಕೇ?

ಕಡಲತಡಿ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಊರು ಕುಂದಾಪುರದ ಹತ್ತಿರ. ಎಂಎಸ್‌ಡಬ್ಲ್ಯು ಮುಗಿಸಿ ಎರಡು ವರ್ಷಗಳಿಂದ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಶಾಲೆಗೆ ವರ್ಷಕ್ಕಿಬ್ಬರಂತೆ ಜರ್ಮನಿಯ ಯುವಕ ಯುವತಿಯರು ಸ್ವಯಂಸೇವಕರಾಗಿ ಬಂದು ಹೋಗುತ್ತಾರೆ. ಅವರಿಗೆ ಊರು ತೋರಿಸುವುದರಿಂದ ಹಿಡಿದು ಜ್ವರ ಬಂದಾಗ ಗಂಜಿ ಮಾಡಿ ಕೊಡುವವರೆಗೆ ಎಲ್ಲವೂ ನನ್ನ ಪಾಲಿಗೆ ಬಂದಿತ್ತು.

ಒಂದು ಘಟನೆಯನ್ನು ಹೇಳದೆ ನನ್ನ ಪ್ರಶ್ನೆ ಅರ್ಥವಾಗಲಾರದು. ನಮ್ಮಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದಾನೆ, ಅವನ ಬಲಗೈ ಹೇಳಿದ ಮಾತು ಕೇಳುವುದಿಲ್ಲ. ಮಧ್ಯಾಹ್ನ ನಮ್ಮ ಆಯಾ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿ, ಕಥೆ ಹೇಳುತ್ತ ಹತ್ತು ನಿಮಿಷದಲ್ಲಿ ಉಣ್ಣಿಸಿ ಮುಗಿಸುತ್ತಿದ್ದರು. ಹೊಸದಾಗಿ ಬಂದ ಜರ್ಮನ್ ಹುಡುಗಿ ಒಂದು ದಿನ ಚಮಚದ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿ, ಅದನ್ನು ಅವನ ಎಡಗೈಗೆ ಕೊಟ್ಟು, ಎದುರಿಗೆ ಸುಮ್ಮನೆ ಕುಳಿತಳು. ನಲವತ್ತು ನಿಮಿಷ ಹಿಡಿಯಿತು, ಅರ್ಧ ಅನ್ನ ನೆಲದ ಪಾಲಾಯಿತು. “ಮಗು ಹಸಿದಿರುವಾಗ ಕೈಕಟ್ಟಿ ಕೂರುವುದು ಎಂಥ ಆರೈಕೆ?” ಎಂದು ಆಯಾ ಅತ್ತೇ ಬಿಟ್ಟರು. “ಇವನಿಗೆ ಇಪ್ಪತ್ತು ವರ್ಷವಾದಾಗ ಯಾರು ಉಣ್ಣಿಸುತ್ತಾರೆ?” ಎಂದು ಆ ಹುಡುಗಿ ಕೇಳಿದಳು. ಇಬ್ಬರ ನಡುವೆ ಮಾತು ದಾಟಿಸಬೇಕಾದವಳು ನಾನು. ಆಯಾ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಅದು ತಿಳಿಗೇಡಿತನದಂತೆ ಕೇಳಿಸಿತು, ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದಾಗ ಕಲ್ಲೆದೆಯವಳ ಮಾತಿನಂತೆ ಕೇಳಿಸಿತು. ಎರಡೂ ಅಲ್ಲವೆಂದು ನನಗೆ ಗೊತ್ತಿತ್ತು. ಅಂದಿನಿಂದ, ಹಾಗೆ ಸುಮ್ಮನೆ ಕೂರುವುದನ್ನು ಅವಳಿಗೆ ಕಲಿಸಿದ ಜಾಗದಲ್ಲಿ ಒಂದು ವರ್ಷ ಕೆಲಸ ಮಾಡಬೇಕೆಂಬ ಆಸೆ ಹತ್ತಿಕೊಂಡಿದೆ.

ಕಳೆದ ಡಿಸೆಂಬರಿನಲ್ಲಿ ನಾನೂ ಆ ಜರ್ಮನ್ ಹುಡುಗಿಯೂ ಬೈಲಕುಪ್ಪೆಗೆ ಹೋಗಿದ್ದೆವು. ಟಿಬೆಟನ್ ಶಿಬಿರದೊಳಗೆ ರಾತ್ರಿ ತಂಗಲು ವಿದೇಶಿಯರಿಗೆ ಸರ್ಕಾರದ ವಿಶೇಷ ಅನುಮತಿ ಪತ್ರ ಬೇಕು. ಅದಿಲ್ಲದ ಕಾರಣ ಅವಳು ಸಂಜೆ ಆಟೊ ಹಿಡಿದು ಕುಶಾಲನಗರಕ್ಕೆ ಮರಳಿದಳು, ನಾನು ಪರಿಚಿತರ ಮನೆಯಲ್ಲಿ ಉಳಿದೆ. “ನನ್ನ ಪಾಸ್‌ಪೋರ್ಟ್ ನೋಡಿ ಯಾರಾದರೂ ಬೇಡವೆಂದದ್ದು ಇದೇ ಮೊದಲು” ಎಂದಳು. ನನ್ನ ಪಾಸ್‌ಪೋರ್ಟ್ ಹಿಡಿದು ಎಲ್ಲೆಲ್ಲಿಗೆ ಹೋಗಬಹುದೆಂದು ನಾನು ಅಷ್ಟರಲ್ಲಿ ಹುಡುಕಿ ನೋಡಿದ್ದರಿಂದ ನಗು ಬಂತು.

ಮಂಗಳೂರಿನ ಏಜೆಂಟರೊಬ್ಬರು ಎರಡೂವರೆ ಲಕ್ಷ ಕೊಟ್ಟರೆ ಎಲ್ಲವನ್ನೂ ಮಾಡಿಕೊಡುವುದಾಗಿ ಹೇಳಿದ್ದಾರೆ. ಅಪ್ಪಯ್ಯನದು ಒಂದೇ ಪ್ರಶ್ನೆ: “ಸಂಬಳವಿಲ್ಲದೆ ಬೇರೆಯವರ ದೇಶದಲ್ಲಿ ಚಾಕರಿ ಮಾಡುವುದಕ್ಕೆ ಇಷ್ಟು ಓದಬೇಕಿತ್ತೇ?” ಹೋಗಿ ಬಂದವರು, ಹೋಗದೆ ಉಳಿದವರು, ಇಬ್ಬರೂ ದಯವಿಟ್ಟು ತಿಳಿಸಿ.

ನೆಕ್ಕರ್ ತೀರ

ತಂಗೀ, ಮೊದಲನೆಯದಾಗಿ ಆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಹುಬ್ಬಳ್ಳಿಯವಳು, 2022ರ ಸೆಪ್ಟೆಂಬರಿನಿಂದ ಒಂದು ವರ್ಷ ಸ್ಟುಟ್‌ಗಾರ್ಟ್ ಕಡೆಯ ಹಳ್ಳಿಯೊಂದರಲ್ಲಿ ಅಂಗವಿಕಲರ ವಸತಿಗೃಹದಲ್ಲಿ ಸೇವೆ ಮಾಡಿದ್ದೇನೆ. ಅರ್ಜಿಯನ್ನು ನಾನೇ ಬರೆದೆ, ವಿಡಿಯೊ ಕರೆಯಲ್ಲಿ ಸಂದರ್ಶನವಾಯಿತು, ಒಪ್ಪಂದ ಪತ್ರ ಇಮೇಲಿನಲ್ಲಿ ಬಂತು. ನಡುವೆ ಯಾರ ಅಗತ್ಯವೂ ಬೀಳಲಿಲ್ಲ.

ಅಲ್ಲಿನ ವ್ಯವಸ್ಥೆ ಹೀಗಿದೆ. 1964ರ ಕಾಯ್ದೆಯಿಂದ ಬಂದ ‘ಸ್ವಯಂಸೇವಾ ಸಾಮಾಜಿಕ ವರ್ಷ’ ಎಂಬುದು ಒಂದು, ಅದನ್ನು ಎಫ್‌ಎಸ್‌ಜೆ ಎನ್ನುತ್ತಾರೆ, 27 ತುಂಬದವರಿಗೆ ಮಾತ್ರ. 2011ರ ಜುಲೈನಲ್ಲಿ ಶುರುವಾದ ‘ಒಕ್ಕೂಟ ಸ್ವಯಂಸೇವೆ’ ಇನ್ನೊಂದು, ಅದು ಬಿಎಫ್‌ಡಿ, ಅದಕ್ಕೆ ವಯಸ್ಸಿನ ಮೇಲ್ಮಿತಿ ಇಲ್ಲ. ಸಾಮಾನ್ಯವಾಗಿ ಹನ್ನೆರಡು ತಿಂಗಳ ಪೂರ್ಣಾವಧಿ ಕೆಲಸ, ಅದರೊಳಗೆ 25 ದಿನ ಕಡ್ಡಾಯ ತರಬೇತಿ ಶಿಬಿರಗಳು. ಸಂಬಳವಲ್ಲ, ಕೈಖರ್ಚಿನ ಹಣ ಕೊಡುತ್ತಾರೆ. ಅದಕ್ಕೆ ಕಾನೂನಿನಲ್ಲಿ ಗರಿಷ್ಠ ಮಿತಿಯುಂಟು, 2025ರಲ್ಲಿ ಅದು ತಿಂಗಳಿಗೆ 644 ಯೂರೊ. ಇದು ಗರಿಷ್ಠ ಎನ್ನುವುದನ್ನು ಮರೆಯಬೇಡಿ. ನನ್ನ ಕಾಲದಲ್ಲಿ ನನಗೆ ಬರುತ್ತಿದ್ದದ್ದು 380 ಯೂರೊ, ಆಗಿನ ಲೆಕ್ಕದಲ್ಲಿ ಸುಮಾರು 34 ಸಾವಿರ ರೂಪಾಯಿ. ಕೋಣೆ ಮತ್ತು ಊಟ ಸಂಸ್ಥೆಯದು, ಆರೋಗ್ಯ ವಿಮೆಯ ಕಂತನ್ನೂ ಸಂಸ್ಥೆಯೇ ಕಟ್ಟುತ್ತಿತ್ತು. 2023ರ ಮೇ ತಿಂಗಳಲ್ಲಿ ದೇಶದ ಎಲ್ಲ ಪ್ರಾದೇಶಿಕ ರೈಲು ಬಸ್ಸುಗಳಿಗೆ 49 ಯೂರೊದ ತಿಂಗಳ ಟಿಕೆಟ್ ಬಂದ ಮೇಲಷ್ಟೇ ನಾನು ಊರು ಬಿಟ್ಟು ಊರು ನೋಡಿದ್ದು. ಮನೆಗೆ ಹಣ ಕಳಿಸುವ ಯೋಚನೆ ಇದ್ದರೆ ಈಗಲೇ ಬಿಡಿ.

ಕೆಲಸದ ಬಗ್ಗೆ ಅಲಂಕಾರವಿಲ್ಲದೆ ಹೇಳುತ್ತೇನೆ. ಬೆಳಿಗ್ಗೆ ಆರೂವರೆಗೆ ಪಾಳಿ. ಎಬ್ಬಿಸುವುದು, ಡೈಪರ್ ಬದಲಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ಒಗೆಯುವ ಯಂತ್ರ ತುಂಬುವುದು. ಎಂಎಸ್‌ಡಬ್ಲ್ಯು ಪದವಿ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಎರಡನೆಯ ವಾರ, ನನ್ನ ಗುಂಪಿನಲ್ಲಿದ್ದ ಐವತ್ತು ದಾಟಿದ ಹೆಂಗಸೊಬ್ಬರು ಸ್ವೆಟರಿನ ಗುಂಡಿ ಹಾಕಲು ಒದ್ದಾಡುತ್ತಿದ್ದರು. ನಾನು ಹೋಗಿ ಸರಸರನೆ ಐದೂ ಗುಂಡಿ ಹಾಕಿ ಮುಗಿಸಿದೆ. ಅವರು ನನ್ನ ಮುಖ ನೋಡಿ, ಒಂದೊಂದಾಗಿ ಐದನ್ನೂ ಬಿಚ್ಚಿ, ಮತ್ತೆ ಮೊದಲಿನಿಂದ ಹಾಕತೊಡಗಿದರು. ಮೇಲ್ವಿಚಾರಕಿ ಅಂದು ಸಂಜೆ ನನ್ನನ್ನು ಕರೆದು, “ಇಲ್ಲಿ ನಿನ್ನ ಕೈಗಳಿಗೆ ಜೇಬಿನಲ್ಲಿರುವುದನ್ನೂ ಕಲಿಸಬೇಕು” ಎಂದರು. ನಿಮ್ಮ ಚಮಚದ ಕಥೆ ಓದಿ ಆ ಐದು ಗುಂಡಿಗಳು ನೆನಪಾದವು.

ಲೆಕ್ಕಿಗ

ಮಗಳ ವಯಸ್ಸಿನವರೆಂದು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಬೇಸರ ಬೇಡ. 2011ರಲ್ಲಿ ಈ ಬಿಎಫ್‌ಡಿ ಏಕೆ ಹುಟ್ಟಿತೆಂದು ಮೇಲಿನವರು ಹೇಳಲಿಲ್ಲ. ಅದುವರೆಗೆ ಜರ್ಮನಿಯಲ್ಲಿ ಕಡ್ಡಾಯ ಸೈನಿಕ ಸೇವೆ ಇತ್ತು, ಬಂದೂಕು ಹಿಡಿಯಲು ಮನಸ್ಸಿಲ್ಲದ ಹುಡುಗರು ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ನಾಗರಿಕ ಸೇವೆ ಮಾಡುತ್ತಿದ್ದರು. ಆ ವರ್ಷ ಕಡ್ಡಾಯ ಸೇವೆ ನಿಂತಿತು, ಸಾವಿರಾರು ಕೈಗಳು ಒಮ್ಮೆಗೇ ಇಲ್ಲವಾದವು, ಆ ಜಾಗ ತುಂಬಲು ಹುಟ್ಟಿದ್ದೇ ಈ ಯೋಜನೆ. ಅಲ್ಲಿನ ಮುದುಕರ ಸಂಖ್ಯೆ ಏರುತ್ತಿದೆ, ಆರೈಕೆಯ ಕೆಲಸಕ್ಕೆ ಜನ ಸಿಗುತ್ತಿಲ್ಲ. ಹೀಗಿರುವಾಗ ನಮ್ಮ ಮಕ್ಕಳು 380 ಯೂರೊಗೆ ಹೋಗಿ ದುಡಿಯುವುದನ್ನು ಸೇವೆ ಎನ್ನಬೇಕೇ, ಅಗ್ಗದ ಕೂಲಿ ಎನ್ನಬೇಕೇ? ಅಪ್ಪಯ್ಯನವರ ಪ್ರಶ್ನೆ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದಲ್ಲ.

ನೆಕ್ಕರ್ ತೀರ

ಸರ್, ನಿಮ್ಮ ಇತಿಹಾಸ ಸರಿಯಾಗಿದೆ. ಸ್ವಯಂಸೇವಕರು ಸಂಬಳದ ನೌಕರರ ಜಾಗವನ್ನು ತುಂಬುವಂತಿಲ್ಲ, ಅವರಿಗೆ ನೆರವಾಗಿ ಮಾತ್ರ ಇರಬೇಕು ಎಂದು ಕಾನೂನು ಹೇಳುತ್ತದೆ. ನಡೆಯುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನನ್ನ ಜೊತೆ ತರಬೇತಿ ಶಿಬಿರಕ್ಕೆ ಬರುತ್ತಿದ್ದ ಒಬ್ಬಳನ್ನು ಇನ್ನೊಂದು ಕಡೆ ವಾರಾಂತ್ಯದಲ್ಲಿ ಇಡೀ ಮಹಡಿಗೆ ಒಬ್ಬಳನ್ನೇ ಬಿಡುತ್ತಿದ್ದರು. ಶಿಬಿರದ ಹೊಣೆ ಹೊತ್ತವರಿಗೆ ದೂರು ಕೊಟ್ಟು ಅವಳು ಜಾಗ ಬದಲಿಸಿಕೊಂಡಳು. ಆದ್ದರಿಂದ ಸಂದರ್ಶನದಲ್ಲಿ ತಪ್ಪದೆ ಕೇಳಬೇಕಾದ ಮಾತೊಂದಿದೆ: “ನಾನು ಜ್ವರ ಬಂದು ಮಲಗಿದ ದಿನ ನನ್ನ ಕೆಲಸವನ್ನು ಯಾರು ಮಾಡುತ್ತಾರೆ?” ಆ ದಿನ ಒಂದು ಸುತ್ತು ವಾಯುವಿಹಾರ ಕಡಿಮೆಯಾಗುತ್ತದೆ, ಒಂದು ಆಟ ತಪ್ಪುತ್ತದೆ ಎಂದು ಉತ್ತರ ಬಂದರೆ ಒಪ್ಪಿಕೊಳ್ಳಿ. ನೀವಿಲ್ಲದೆ ಯಾರಿಗೂ ಸ್ನಾನವೇ ಆಗುವುದಿಲ್ಲ ಎಂಬ ಧಾಟಿಯಲ್ಲಿ ಹೇಳಿದರೆ ಅದು ಸ್ವಯಂಸೇವೆಯಲ್ಲ, ನೌಕರಿ. ಸಂಬಳ ಮಾತ್ರ ಇಲ್ಲ.

ಮಕ್ಕಳ ಪರ

ಈ ಚರ್ಚೆಯನ್ನು ಓದುವ ಬೇರೆ ಯುವಕರಿಗಾಗಿ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನೇಪಾಳಕ್ಕೆ ನಮಗೆ ವೀಸಾ ಬೇಡ, ಕಾಂಬೋಡಿಯಾಕ್ಕೆ ಸುಲಭವಾಗಿ ಸಿಗುತ್ತದೆ ಎಂದು ಹಣ ಕಟ್ಟಿ ಎರಡು ವಾರ ಅಲ್ಲಿನ ಅನಾಥಾಲಯಗಳಲ್ಲಿ ‘ಸ್ವಯಂಸೇವೆ’ ಮಾಡಿ ಬರುವ ಪ್ಯಾಕೇಜುಗಳು ಈಗ ನಮ್ಮ ಕಾಲೇಜುಗಳಿಗೂ ಬಂದಿವೆ. ದಯವಿಟ್ಟು ಹೋಗಬೇಡಿ. ಅಂಥ ಆಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಇದ್ದಾರೆ. ಹಣ ಕೊಡುವ ಅತಿಥಿಗಳು ಬರುತ್ತಾರೆ ಎಂಬ ಕಾರಣಕ್ಕೇ ಹಳ್ಳಿಗಳಿಂದ ಮಕ್ಕಳನ್ನು ಓದಿಸುವ ಆಸೆ ತೋರಿಸಿ ತಂದಿಡುವ ದಂಧೆ ಬೆಳೆದಿದೆ. ಹದಿನೈದು ದಿನ ಎತ್ತಿ ಆಡಿಸಿ ಹೊರಟುಹೋಗುವವರಿಗೆ ಒಬ್ಬರಾದ ಮೇಲೊಬ್ಬರಂತೆ ಅಂಟಿಕೊಂಡು ಕಳೆದುಕೊಳ್ಳುವ ಮಗುವಿನ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಊಟ ವಸತಿಗೆ ಬದಲಾಗಿ ಹೊಲದಲ್ಲೋ ಹಾಸ್ಟೆಲಿನಲ್ಲೋ ಕೆಲಸ ಮಾಡುವ ಜಾಲತಾಣಗಳ ವಿಷಯದಲ್ಲೂ ಎಚ್ಚರ ಬೇಕು. ಪ್ರವಾಸಿ ವೀಸಾದ ಮೇಲೆ ಹೋಗಿ ಹಾಗೆ ದುಡಿಯುವುದನ್ನು ಅನೇಕ ದೇಶಗಳು ಕಾನೂನುಬಾಹಿರ ಕೆಲಸವೆಂದೇ ಎಣಿಸುತ್ತವೆ. ವಿಮಾನ ನಿಲ್ದಾಣದಿಂದಲೇ ತಿರುಗಿ ಕಳಿಸಿದರೆ ಮುಂದಿನ ವೀಸಾಗಳೂ ಕಷ್ಟವಾಗುತ್ತವೆ. ಕಡಲತಡಿಯವರು ವರ್ಷದ ಅವಧಿಯ, ಒಪ್ಪಂದವಿರುವ ದಾರಿಯನ್ನು ಹುಡುಕುತ್ತಿರುವುದು ಸಮಾಧಾನದ ವಿಷಯ.

ನಿವೃತ್ತ ಮೇಷ್ಟ್ರು

ನಾನು ತುಮಕೂರು ಜಿಲ್ಲೆಯ ಹಳ್ಳಿಯವನು. 1960ರ ದಶಕದ ಕೊನೆಯಲ್ಲಿ, ನಾನಿನ್ನೂ ಚಡ್ಡಿ ತೊಡುತ್ತಿದ್ದಾಗ, ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕೋರ್‌ನಿಂದ ಒಬ್ಬ ತರುಣ ನಮ್ಮೂರಿಗೆ ಬಂದಿದ್ದ. 1961ರಿಂದ 1976ರವರೆಗೆ ಅವರು ಭಾರತದಲ್ಲಿದ್ದರು, ಮೈಸೂರು ರಾಜ್ಯಕ್ಕೆ ಬಂದ ಹಲವರ ಕೆಲಸ ಕೋಳಿ ಸಾಕಾಣಿಕೆ. ನೆಲಕ್ಕೆ ದಪ್ಪಗೆ ಭತ್ತದ ಹೊಟ್ಟು ಹಾಸಿ ಅದರ ಮೇಲೆ ಕೋಳಿ ಬಿಡುವುದನ್ನು ನಮ್ಮೂರಿಗೆ ಕಲಿಸಿದವನು ಅವನೇ. ಕನ್ನಡ ಕಲಿತೇ ಬಂದಿದ್ದ, ಆದರೆ ಪುಸ್ತಕದ ಕನ್ನಡ, “ತಾವು ಕುಕ್ಕುಟಗಳಿಗೆ ನೀರನ್ನು ನೀಡಿದಿರಾ?” ಎಂದು ನಮ್ಮ ದೊಡ್ಡಪ್ಪನನ್ನು ಕೇಳಿದ್ದು ಊರಿನಲ್ಲಿ ಇಂದಿಗೂ ಗಾದೆಯಂತೆ ಓಡಾಡುತ್ತಿದೆ. ಅವನು ಹೋದ ಮೇಲೆ ಕೋಳಿಮನೆ ಎರಡು ಮಳೆಗಾಲ ನಿಂತಿತು, ಮೂರನೆಯದಕ್ಕೆ ಬಿತ್ತು. ಆದರೆ ಪ್ರತಿದಿನದ ಮೊಟ್ಟೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುವುದನ್ನು ದೊಡ್ಡಪ್ಪ ಅವನಿಂದ ಕಲಿತರು, ಮುಂದೆ ಹಾಲಿನ ಲೆಕ್ಕ, ಅಡಿಕೆಯ ಲೆಕ್ಕ ಎಲ್ಲವನ್ನೂ ಬರೆದಿಟ್ಟರು. ಅವನು ಕಲಿಸಲು ಬಂದದ್ದು ಒಂದು, ಉಳಿದದ್ದು ಇನ್ನೊಂದು.

ಲೆಕ್ಕಿಗರ ಆಕ್ಷೇಪಕ್ಕೆ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರ್ 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವರ್ದೂನ್ ಬಳಿಯ ಹಳ್ಳಿಯೊಂದನ್ನು ಕಟ್ಟಲು ಬೇರೆ ಬೇರೆ ದೇಶದವರ ತಂಡ ಒಯ್ದರು. ಅದರಲ್ಲಿ ಜರ್ಮನರೂ ಇದ್ದರು. ತಮ್ಮ ಮನೆ ಕೆಡವಿದವರ ಕೈಯಿಂದ ಕಟ್ಟಿಸಿಕೊಳ್ಳಲು ಊರಿನವರಿಗೆ ಮನಸ್ಸಾಗಲಿಲ್ಲ, ಕೆಲವೇ ತಿಂಗಳಲ್ಲಿ ಹೊರಡಬೇಕಾಯಿತು. ಅದೇ ಸೆರೆಸೋಲ್ 1934ರ ಬಿಹಾರದ ಭೂಕಂಪದ ನಂತರ ಭಾರತಕ್ಕೆ ಬಂದು ಅಲ್ಲಿ ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಕೈಜೋಡಿಸಿದರು. ಅವರು ಶುರು ಮಾಡಿದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆಯ ಎರಡು ಮೂರು ವಾರಗಳ ಶ್ರಮಶಿಬಿರಗಳು ಇಂದಿಗೂ ನಡೆಯುತ್ತವೆ. ಪ್ರಯಾಣದ ಖರ್ಚು ನಮ್ಮದೇ ಆಗಿರುತ್ತದೆ.

ನೂರು ವರ್ಷಗಳಿಂದ ಹೀಗೆ ಬಂದವರೆಲ್ಲ ಆ ಕಡೆಯಿಂದ ಈ ಕಡೆಗೇ ಬಂದವರು. ನಮ್ಮ ಹುಡುಗಿಯೊಬ್ಬಳು ಈ ಕಡೆಯಿಂದ ಹೊರಟರೆ ಅದನ್ನು ಚಾಕರಿ ಎನ್ನುತ್ತೇವೆ, ಅವರು ಬಂದರೆ ಸೇವೆ ಎನ್ನುತ್ತೇವೆ. ಅಪ್ಪಯ್ಯನವರಿಗೆ ಇದನ್ನೊಮ್ಮೆ ನಿಧಾನವಾಗಿ ಕೇಳಿ ನೋಡಮ್ಮ.

ಸಂಯೋಜಕಿ

ಕಡಲತಡಿಯವರೇ, ನಿಮ್ಮ ಶಾಲೆಗೆ ಬರುವವರು ಯಾವ ಯೋಜನೆಯಡಿ ಬರುತ್ತಾರೆ ಎಂದು ಯಾವತ್ತಾದರೂ ವಿಚಾರಿಸಿದ್ದೀರಾ? ಬಹುಶಃ ಅದು ವೆಲ್ಟ್‌ವೆರ್ಟ್ಸ್ ಇರಬೇಕು. ಜರ್ಮನಿಯ ಆರ್ಥಿಕ ಸಹಕಾರ ಸಚಿವಾಲಯ 2008ರಲ್ಲಿ ಆರಂಭಿಸಿದ ಯೋಜನೆ ಅದು, 18ರಿಂದ 28ರೊಳಗಿನವರಿಗೆ. ಐದು ವರ್ಷ ಅವರ ಮಕ್ಕಳು ಮಾತ್ರ ನಮ್ಮ ಕಡೆಗೆ ಬರುತ್ತಿದ್ದರು. 2013ರಿಂದ ಅದಕ್ಕೆ ದಕ್ಷಿಣ–ಉತ್ತರ ಎಂಬ ಮರುದಾರಿಯೂ ಸೇರಿದೆ. ಸ್ವಯಂಸೇವಕರನ್ನು ಬರಮಾಡಿಕೊಳ್ಳುವ ಇಲ್ಲಿನ ಪಾಲುದಾರ ಸಂಸ್ಥೆ ತನ್ನ ಕಡೆಯ ಯುವಕ ಯುವತಿಯರನ್ನು ಸೂಚಿಸಬಹುದು, ಅವರು ಅಲ್ಲಿ ಮೇಲೆ ಹೇಳಿದ ಬಿಎಫ್‌ಡಿಯ ಚೌಕಟ್ಟಿನಲ್ಲೇ ಸೇವೆ ಮಾಡುತ್ತಾರೆ, ಪ್ರಯಾಣ ಮತ್ತು ಭಾಷಾ ತರಗತಿಯ ಖರ್ಚಿನ ಬಹುಪಾಲು ಯೋಜನೆಯದು. ಏಜೆಂಟರು ಎರಡೂವರೆ ಲಕ್ಷಕ್ಕೆ ಮಾರುತ್ತಿರುವ ದಾರಿಯ ಬಾಗಿಲು ನಿಮ್ಮ ಶಾಲೆಯ ಕಚೇರಿಯಲ್ಲೇ ಇರಬಹುದು.

ಸೇವೆ ಸಾಮಾನ್ಯವಾಗಿ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ, ವೀಸಾಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ಭಾಷೆಯನ್ನು ಮಾತ್ರ ಯಾರೂ ನಿಮಗಾಗಿ ಕಲಿತು ಕೊಡಲಾರರು. ಜರ್ಮನ್ ಕಲಿಕೆಯ ಮೊದಲ ಮಟ್ಟ ಎ1, ಅದರ ಮೇಲೆ ಎ2, ಆಮೇಲೆ ಬಿ1. ಎ2 ಮಟ್ಟವನ್ನಾದರೂ ಹೆಚ್ಚಿನ ಸಂಸ್ಥೆಗಳು ಕೇಳುತ್ತವೆ, ಬಿ1 ಇದ್ದರೆ ಒಳ್ಳೆಯದು. ಬೆಂಗಳೂರಿನ ಇಂದಿರಾನಗರದಲ್ಲಿರುವ ಜರ್ಮನ್ ಭಾಷಾ ಕೇಂದ್ರ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಪರೀಕ್ಷೆ ನಡೆಯುತ್ತದೆ. ಬಿ1ರಲ್ಲಿ ಓದು, ಆಲಿಕೆ, ಬರಹ, ಮಾತು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ನಮ್ಮ ಮಕ್ಕಳು ಓದು ಬರಹದಲ್ಲಿ ಗೆದ್ದು ಆಲಿಕೆಯಲ್ಲಿ ಬೀಳುತ್ತಾರೆ. ನಿಮಗೆ ಶಾಲೆಯಲ್ಲೇ ಇಬ್ಬರು ಜರ್ಮನರಿದ್ದಾರೆ, ನಾಳೆಯಿಂದ ಅವರ ಜೊತೆ ಇಂಗ್ಲಿಷ್ ಆಡುವುದನ್ನು ನಿಲ್ಲಿಸಿ.

ಕಡಲತಡಿ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿ. ನಮ್ಮ ಮುಖ್ಯೋಪಾಧ್ಯಾಯಿನಿಯವರನ್ನು ಮೊನ್ನೆ ಕೇಳಿದೆ. ಸಂಯೋಜಕಿ ಮೇಡಂ ಹೇಳಿದಂತೆಯೇ ಅದು ವೆಲ್ಟ್‌ವೆರ್ಟ್ಸ್. ಇಷ್ಟು ಮಾತ್ರವಲ್ಲ, ಅಲ್ಲಿನ ಸಂಸ್ಥೆಯವರು ಮೂರು ವರ್ಷಗಳಿಂದ “ನಿಮ್ಮ ಕಡೆಯಿಂದ ಯಾರನ್ನಾದರೂ ಕಳಿಸಿ” ಎಂದು ಪತ್ರ ಬರೆಯುತ್ತಿದ್ದಾರೆ, ಪತ್ರಗಳು ಕಡತದಲ್ಲಿ ಭದ್ರವಾಗಿವೆ. ಏಕೆ ಕಳಿಸಲಿಲ್ಲ ಎಂದರೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಹೋದವರು ತಿರುಗಿ ಬರುವುದಿಲ್ಲ ಮಾರಾಯ್ತಿ. ಎರಡು ವರ್ಷ ಕಲಿಸಿ ತಯಾರು ಮಾಡಿದವಳನ್ನು ಕಳಿಸಿಕೊಟ್ಟು ನಾನು ಯಾರನ್ನು ಇಟ್ಟುಕೊಳ್ಳಲಿ?” ಎಂದರು. ನನಗೆ ಸಿಟ್ಟು ಬಂತು. ಆಮೇಲೆ, ಆ ಹುಡುಗನಿಗೆ ಊಟ ಮಾಡಿಸುವ ಹೊತ್ತಿನಲ್ಲಿ, ಸಿಟ್ಟು ಇಳಿಯಿತು. ನಮ್ಮಲ್ಲಿ ಇರುವುದೇ ನಾಲ್ವರು.

ನೆಕ್ಕರ್ ತೀರ ಅಕ್ಕ, ಒಂದು ಕೇಳಬಹುದೇ? ನೀವು ಹುಬ್ಬಳ್ಳಿಗೆ ಮರಳಿ ಬಂದು ಏನು ಮಾಡುತ್ತಿದ್ದೀರಿ?

ನೆಕ್ಕರ್ ತೀರ

ನಾನು ಮರಳಲಿಲ್ಲ. ನೆಕ್ಕರ್ ಎಂಬುದು ಇಲ್ಲಿನ ನದಿ, ನನ್ನ ಹೆಸರು ನೋಡಿ ಯಾರಾದರೂ ಕೇಳಬಹುದೆಂದು ಎಣಿಸಿದ್ದೆ. ಸೇವೆಯ ವರ್ಷ ಮುಗಿಯುತ್ತಿದ್ದಂತೆ ಅದೇ ಸಂಸ್ಥೆ ಅಂಗವಿಕಲರ ಆರೈಕೆಯ ಮೂರು ವರ್ಷದ ವೃತ್ತಿಶಿಕ್ಷಣಕ್ಕೆ ಜಾಗ ಕೊಟ್ಟಿತು, ಈಗ ಅದರಲ್ಲೇ ಇದ್ದೇನೆ. ಸ್ವಯಂಸೇವೆಗೆಂದು ಬಂದ ಅನೇಕರು ನರ್ಸಿಂಗ್ ತರಬೇತಿಗೋ ಬೇರೆ ಕಲಿಕೆಗೋ ಹೀಗೆ ಸೇರಿಕೊಳ್ಳುತ್ತಾರೆ, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ, ಮೋಸವೇನೂ ಇಲ್ಲ. ಹೊರಡುವಾಗ ನಾನು ಮರಳುವವಳೇ ಆಗಿದ್ದೆ, ಅದು ಸುಳ್ಳಲ್ಲ. ಆದರೆ ಹುಬ್ಬಳ್ಳಿಯಲ್ಲಿ ನಾನು ಬಿಟ್ಟುಬಂದ ಡೇ ಕೇರ್ ಕೇಂದ್ರದಲ್ಲಿ ನನ್ನ ಜಾಗಕ್ಕೆ ಏಳು ತಿಂಗಳು ಯಾರೂ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು. ನಿಮ್ಮ ಮೇಡಂ ಹೇಳಿದ್ದು ನನ್ನನ್ನೇ ಕುರಿತ ಮಾತು. ಲೆಕ್ಕಿಗ ಸರ್ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರದಲ್ಲಿ ಈ ಅರ್ಧವನ್ನು ಬಿಟ್ಟಿದ್ದೆ, ಕ್ಷಮಿಸಿ.

ಹಾಗೆಂದು ನಿಮಗೆ ಬರಬೇಡಿ ಎನ್ನಲಾರೆ. ಮೇಡಂ ಹತ್ತಿರ ಬರಿಯ ಅನುಮತಿ ಕೇಳಬೇಡಿ, ಒಂದು ಏರ್ಪಾಡನ್ನು ಮುಂದಿಡಿ: ಹೊರಡುವ ಮೊದಲು ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಆರು ತಿಂಗಳು ಕಲಿಸಿ ಹೋಗುತ್ತೇನೆ, ಅವರ ಸಂಬಳಕ್ಕೆ ಒಂದು ವರ್ಷ ನನ್ನ ಸಂಬಳವೇ ಇರಲಿ ಎಂದು. ನಾನು ಅದನ್ನು ಮಾಡಿರಲಿಲ್ಲ.

ನಿವೃತ್ತ ಮೇಷ್ಟ್ರು

ವಿಷಯಕ್ಕೆ ಸಂಬಂಧಪಟ್ಟ ಒಂದು ಸಣ್ಣ ಮಾತು. ಕಡಲು ಬಿಟ್ಟಿರಲಾರೆ ಎಂದೆನಿಸಿದರೆ ಅಲ್ಲಿ ಪರಿಸರಕ್ಕೆಂದೇ ಇರುವ ಸೇವಾವರ್ಷವೂ ಉಂಟಂತೆ, ಉತ್ತರ ಸಮುದ್ರದ ವಾಡನ್ ಕರಾವಳಿಯಲ್ಲಿ ಹಕ್ಕಿ ಎಣಿಸುವ ಕೆಲಸ. ನಮ್ಮ ಕಿಟೆಲ್ 1832ರಲ್ಲಿ ಹುಟ್ಟಿದ್ದು ಆ ಕಡಲ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, 1903ರಲ್ಲಿ ತೀರಿಕೊಂಡಿದ್ದು ಟ್ಯೂಬಿಂಗೆನ್‌ನಲ್ಲಿ, ನೆಕ್ಕರ್ ನದಿಯ ದಡದಲ್ಲಿ. ಅವರು ಹೋದ ಊರಿನವರ ಮಾತನ್ನು ಕಲಿಯಲು ಹೊರಟು ನಿಘಂಟು ಬರೆದರು. ನೀನು ಬಿ1 ಪಾಸು ಮಾಡಿದರೆ ಸದ್ಯಕ್ಕೆ ಸಾಕು.

ಕಡಲತಡಿ

ಮೇಷ್ಟ್ರೇ, ಎ1 ತರಗತಿಗೆ ಸೇರಿದ್ದೇನೆ. ಮೇಡಂ ಇನ್ನೂ ಒಪ್ಪಿಲ್ಲ, ಆದರೆ ಕಡತದಿಂದ ಆ ಪತ್ರಗಳನ್ನು ಹೊರತೆಗೆದು ನನ್ನ ಕೈಗೆ ಕೊಟ್ಟಿದ್ದಾರೆ, ಉತ್ತರ ಬರೆದು ತೋರಿಸು ಎಂದಿದ್ದಾರೆ. ಮುಂದಿನ ವರ್ಷವಲ್ಲ, ಅದರಾಚೆಯ ವರ್ಷದ ಸೆಪ್ಟೆಂಬರ್ ಎಂದು ನಾನೇ ಗಡುವು ಹಾಕಿಕೊಂಡಿದ್ದೇನೆ; ಆಗ ನನಗೆ 26, ವಯಸ್ಸಿನ ಮಿತಿಯೊಳಗೇ ಇರುತ್ತೇನೆ. ಅಷ್ಟರಲ್ಲಿ ಹೊಸಬರೊಬ್ಬರಿಗೆ ಕಲಿಸಬಹುದು. ಅಪ್ಪಯ್ಯ ಮೇಷ್ಟ್ರ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ, “ಅಲ್ಲಿ ಕುಚ್ಚಲಕ್ಕಿ ಸಿಗುತ್ತದೆಯೇ ಕೇಳು, ತುಪ್ಪ ಎಷ್ಟು ಒಯ್ಯಬಹುದು ಅದನ್ನೂ ಕೇಳು” ಎಂದರು. ಆದ್ದರಿಂದ ಕೇಳುತ್ತಿದ್ದೇನೆ.

ನೆಕ್ಕರ್ ತೀರ

ಕುಚ್ಚಲಕ್ಕಿ ಸ್ಟುಟ್‌ಗಾರ್ಟಿನ ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ, ಹಳ್ಳಿಯಲ್ಲಿ ಇಲ್ಲ. ತುಪ್ಪ ತರುವಂತಿಲ್ಲ, ಹಾಲಿನ ಮತ್ತು ಮಾಂಸದ ಯಾವ ಪದಾರ್ಥವನ್ನೂ ಪ್ರಯಾಣಿಕರು ಭಾರತದಿಂದ ಯುರೋಪಿನ ಒಕ್ಕೂಟದೊಳಗೆ ಒಯ್ಯುವುದನ್ನು ನಿಷೇಧಿಸಿದ್ದಾರೆ. ಅಮ್ಮ ಕಟ್ಟಿಕೊಟ್ಟಿದ್ದ ಧಾರವಾಡ ಪೇಡೆಯ ಡಬ್ಬಿಯನ್ನು ನಾನು ಫ್ರಾಂಕ್‌ಫರ್ಟಿನ ಕಸ್ಟಮ್ಸ್ ಮೇಜಿನ ಮೇಲೆ ಬಿಟ್ಟುಬಂದೆ. ಸಾರಿನ ಪುಡಿ ತನ್ನಿ, ಇಲ್ಲಿನ ಬೆಣ್ಣೆಯನ್ನೇ ಕಾಯಿಸಿ ತುಪ್ಪ ಮಾಡಿಕೊಳ್ಳೋಣ.